ಎದುರು ಚಾಪೆ

ಏನ್ರೀ, ನಿಮ್ಮ ಮದುವೆಯಲ್ಲಿ ನಿಮ್ಮ ಮನೆಯವರನ್ನು ಯಾರಾದರೂ ಹೊಟ್ಟೆ ತುಂಬ ಬೈದಿದ್ದರೇ? ಇಲ್ಲವೇ? ಮತ್ತೆ ಅದೆಂಥ ಮದುವೆ ಆದಿರಿ ನೀವು?

ನನ್ನ ಮದುವೆಯಲ್ಲಿ ನಮ್ಮ ಸೋದರತ್ತೆ, ನನಗೆ ಅತ್ತೆಯಾಗಲಿದ್ದವಳ ಮೂಗನ್ನು ಗುಂಡು ಬದನೆಕಾಯಿಗೆ ಹೋಲಿಸಿ ಹಾಡಿದ್ದಳು. ಆ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಹೆಂಗಸು ಅವತ್ತು ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಕ್ಕು, ಗಂಟಲು ಸರಿಮಾಡಿಕೊಂಡು, ನಮ್ಮಪ್ಪನ ಬೋಳುತಲೆಯ ಮೇಲೆ ನಾಲ್ಕು ಸಾಲು ಕಟ್ಟಿ ತಿರುಗಿಸಿ ಹಾಡಿದಳು. ನಮ್ಮಪ್ಪ ಪೇಟ ತೆಗೆದು ತಲೆ ತೋರಿಸಿ ಕೈಮುಗಿದ.

ನಮ್ಮ ಕಡೆ ಇದನ್ನು ಬೀಗರ ಪದ ಅನ್ನುತ್ತಾರೆ. ಹೆಣ್ಣಿನ ಕಡೆಯ ಹೆಂಗಸರಿಗೆ ಒಂದು ಚಾಪೆ, ಗಂಡಿನ ಕಡೆಯವರಿಗೆ ಎದುರು ಇನ್ನೊಂದು ಚಾಪೆ, ನಡುವೆ ಎಲೆ ಅಡಿಕೆ ತಟ್ಟೆ. ಈ ಚಾಪೆಯವರು ಆ ಚಾಪೆಯವರನ್ನು ಜರಿದು ಒಂದು ಪದ ಹೇಳುತ್ತಾರೆ. ಹೊಟ್ಟೆಬಾಕರು, ಜಿಪುಣರು, ಸುಳ್ಳುಬುರುಕರು, ಬಾಯಿಗೆ ಬಂದದ್ದು. ಆ ಚಾಪೆಯವರು ಅದಕ್ಕೆ ಜವಾಬು ಹೇಳುತ್ತಾರೆ. ಹೇಳಿದ ಮೇಲೆ ತಟ್ಟೆಯಿಂದ ಎಲೆ ಅಡಿಕೆ ತೆಗೆದು, ಬೈದವಳ ಕೈಗೇ ಕೊಡುತ್ತಾರೆ. ಅಲ್ಲಿಗೆ ಸಮ. ಕಟ್ಟುಪಾಡು ಒಂದೇ ಒಂದು. ಜರಿದ ಪದ ಬಿದ್ದ ಮೇಲೆ ಜವಾಬು ಬರುವ ತನಕ ಯಾರೂ ಚಾಪೆ ಬಿಟ್ಟು ಏಳುವಂತಿಲ್ಲ. ಮಗು ಅತ್ತರೂ ಇಲ್ಲ, ಹಾಲು ಉಕ್ಕಿದರೂ ಇಲ್ಲ. ನಡುವೆ ಎದ್ದರೆ ಅದು ಪದವಾಗಿ ಉಳಿಯುವುದಿಲ್ಲ, ಬರೀ ಬೈಗುಳವಾಗುತ್ತದೆ.

ಎಪ್ಪತ್ತು ದಾಟಿದ ನಾನು, ಆ ಕಟ್ಟುಪಾಡನ್ನು ಹತ್ತಾರು ಹುಡುಗಿಯರಿಗೆ ಹೇಳಿಕೊಟ್ಟವಳು, ಅದನ್ನು ಮುರಿದೆ. ಅದೂ ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಒಂದು ಬೆರಳಿನಿಂದ.

ಅದೇ ಬೆರಳಿನಿಂದ ಈಗ ಇದನ್ನು ಬರೆಯುತ್ತಿದ್ದೇನೆ. ಸೊಸೆ ಹೋದ ವರ್ಷ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದಳು. 'ಅಡುಗೆ' ಅಂತ ಬರೆಯುವಷ್ಟರಲ್ಲಿ ಅಡುಗೆ ಆಗಿರುತ್ತದೆ, ಆದರೂ ಬಿಡುವುದಿಲ್ಲ ನಾನು.

ನನ್ನ ತವರು ಸೋಮನಾಥಪುರದ ಪಕ್ಕದ ಹಳ್ಳಿ. ಕೊಟ್ಟದ್ದು ಇಲ್ಲಿಗೆ, ದೇವನೂರಿಗೆ ಹತ್ತಿರದ ಊರಿಗೆ. ಇಲ್ಲಿ ಎರಡು ದೊಡ್ಡ ಬೀದಿ. ನಮ್ಮದು ಗುಡಿ ಬೀದಿ, ವಿಭೂತಿ ಹಚ್ಚಿಕೊಂಡು ಮಠಕ್ಕೆ ನಡೆದುಕೊಳ್ಳುವವರು. ಇನ್ನೊಂದು ಕೆರೆ ಬೀದಿ, ಅವರೂ ನಮ್ಮ ಹಾಗೇ ಬೇಸಾಯದವರು, ಭಾನುವಾರ ಬಂತೆಂದರೆ ಬಾಡಿನ ಸಾರಿನ ವಾಸನೆಯನ್ನು ನಮ್ಮ ಬೀದಿಯ ತನಕ ಧಾರಾಳವಾಗಿ ಕಳಿಸುವವರು. ಹೆಣ್ಣು ಕೊಟ್ಟು ತರುವ ಸಂಬಂಧ ನಮ್ಮ ನಡುವೆ ಇಲ್ಲ. ಆದರೂ ನನಗೆ ಕೆರೆ ಬೀದಿಯಲ್ಲಿ ಒಬ್ಬಳು ಬೀಗಿತ್ತಿ ಇದ್ದಾಳೆ.

ಅದು ಹೀಗಾಯಿತು. ನಾನು ಹೊಸದಾಗಿ ಬಂದ ಸೊಸೆ. ಕೆರೆ ಬೀದಿಯಲ್ಲಿ ಒಂದು ಮದುವೆ. ಗಂಡಿನ ಕಡೆ ಪದ ಹೇಳುವವಳಿಗೆ ಜ್ವರ, ಬಂದಿಲ್ಲ. ಎದುರು ಚಾಪೆ ಖಾಲಿ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೆಣ್ಣಿನ ಕಡೆಯ ಚಾಪೆಯಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬಳು, ಹಲ್ಲು ಸ್ವಲ್ಪ ಉಬ್ಬು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಏ ಗುಡಿ ಬೀದಿ ಉಡ್ಗಿ, ಬಾಯಿ ಅದಾ ನಿಂಗೆ?"

"ಅದೆ."

"ಅಂಗಾರೆ ಅತ್ಲಾಗೆ ಕುಂತ್ಕ. ಇವತ್ತು ನೀನೇ ನನ್ ಬೀಗಿತ್ತಿ."

ಕೂತೆ. ಅವಳ ಉಬ್ಬುಹಲ್ಲಿನ ಮೇಲೇ ಮೊದಲ ಪದ ಎತ್ತಿದೆ. ಅವಳು ಆ ಹಲ್ಲೆಲ್ಲ ತೋರಿಸಿ ನಕ್ಕು, ನನ್ನ ತವರಿನ ಹೆಂಗಸರ ನಡಿಗೆಯನ್ನು ಬಾತುಕೋಳಿಗೆ ಹೋಲಿಸಿ ತಿರುಗಿಸಿಕೊಟ್ಟಳು. ಅಂದಿನಿಂದ ಕೆರೆ ಬೀದಿಯಲ್ಲಿ ಯಾವ ಮದುವೆಯಾದರೂ, ಗಂಡಿನ ಕಡೆ ಪದ ಹೇಳುವವರಿಲ್ಲದಿದ್ದರೆ ಎದುರು ಚಾಪೆಗೆ ನನ್ನನ್ನು ಕರೆಯುವುದು ರೂಢಿಯಾಯಿತು. ನಮ್ಮ ಬೀದಿಯ ಮದುವೆಗಳಿಗೆ ಅವಳು ಬಂದಳು. ಮುಹೂರ್ತದ ದಿನ ಬಾಡಿಲ್ಲದ ಸಪ್ಪೆ ಊಟವೇ ತಾನೇ, ಪಂಕ್ತಿಯಲ್ಲೂ ಎದುರುಬದುರೇ ಕೂತೆವು. ಅವಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನನ್ನ ಕೈಗೆ ಎಲೆ ಅಡಿಕೆ ಕೊಟ್ಟು, "ಇವ್ಳ್ ಮದ್ವೇಲೂ ಎದ್ರು ಚಾಪೆ ನಿಂದೇ ಕಣಮ್ಮಿ, ಅಷ್ಟೊತ್ಗೆ ಸತ್ತೋಗ್ಬ್ಯಾಡ" ಅಂದಿದ್ದಳು. ನಾನು ಮಾತು ಉಳಿಸಿಕೊಂಡೆ, ಸಾಯಲಿಲ್ಲ.

ಆಮೇಲೆ ಊರಿಗೆ ಬೋರ್ಡು ಬಂತು. ಬಸ್ಸು ನಿಲ್ಲುವ ಕಡೆ ಯಾವ ಮಹಾತ್ಮರ ಹೆಸರಿನ ಬೋರ್ಡು ನೆಡಬೇಕು ಅನ್ನುವುದಕ್ಕೆ ಎರಡು ಬೀದಿಗೂ ಜಗಳ. ನಮ್ಮವರು ಒಬ್ಬರ ಹೆಸರು ತಂದರು, ಅವರು ಇನ್ನೊಬ್ಬರದು. ಆ ಮಹಾತ್ಮರಿಬ್ಬರೂ ಬದುಕಿದ್ದರೆ, ನಿಮ್ಮ ಸಹವಾಸವೇ ಬೇಡ ಅಂತ ಅದೇ ಬಸ್ಸು ಹತ್ತಿ ಹೋಗಿಬಿಡುತ್ತಿದ್ದರು. ಕಲ್ಲು ಬಿತ್ತು, ಎರಡೂ ಕಡೆ ತಲೆ ಒಡೆಯಿತು, ಎರಡೂ ಕಡೆ ಕೇಸಾಯಿತು. ನಂಜನಗೂಡಿನಿಂದ ಅಧಿಕಾರಿಗಳು ಬಂದು ಎರಡು ಬೋರ್ಡನ್ನೂ ಬಿಚ್ಚಿಸಿಕೊಂಡು ಹೋದರು. ಕಬ್ಬಿಣದ ಕಂಬ ಮಾತ್ರ ಉಳಿದಿವೆ, ಎರಡು. ದನಗಳು ಮೈ ಉಜ್ಜಿಕೊಳ್ಳುತ್ತವೆ.

ಹಿಟ್ಟಿನ ಗಿರಣಿ ಕೆರೆ ಬೀದಿಯಲ್ಲಿದೆ. ಈಗ ನಾವು ರಾಗಿ ಚೀಲ ಬಸ್ಸಿಗೆ ಹಾಕಿಕೊಂಡು ದೇವನೂರಿಗೆ ಹೋಗುತ್ತೇವೆ. ಒಬ್ಬರ ಬೀದಿಯ ಕಾರ್ಯಕ್ಕೆ ಇನ್ನೊಬ್ಬರು ಹೋಗಬಾರದೆಂದು ಗಂಡಸರು ಮಾತಾಡಿಕೊಂಡರು. ನಾನೂ ಅವಳೂ ನಂಜನಗೂಡು ಬಸ್ಸಿನಲ್ಲಿ ಸಿಕ್ಕರೆ ಹಿಂದುಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಕಡೆ ಮುಖ ಮಾಡಿಕೊಂಡು ಮಾತಾಡುತ್ತಿದ್ದೆವು. ಕದ್ದು ಪ್ರೀತಿಸುವ ಹುಡುಗ ಹುಡುಗಿಯರ ಹಾಗೆ. ಅವಳ ಸೀಟಿನ ಹಿಂದೆ ಕೂತು ಅವಳ ಜಡೆ ಎಳೆಯುವುದೊಂದು ಬಾಕಿ.

ಹಾಗೊಂದು ದಿನ ಕಿಟಕಿಗೆ ಹೇಳಿದಳು: "ಮೊಮ್ಮಗ್ಳಿಗೆ ಗಂಡು ಗೊತ್ತಾಯ್ತು. ಸೋಮನಾಥಪುರದ ಮಗ್ಗುಲೂರು, ನಿನ್ ತವರು ಕಡೆ. ನರಸೀಪುರದ ಛತ್ರದಲ್ಲಿ ಮದ್ವೆ. ಆ ಕಡೆ ಪದ ಗೊತ್ತಿರೋರು ಒಬ್ರೂ ಇಲ್ವಂತೆ."

"ನಾನಿಲ್ವಾ?"

"ಬುಟ್ಟಾರಾ ನಿನ್ನ?"

ಮಗನನ್ನು ಕೇಳಿದೆ. ಅವನು ಕೆಟ್ಟವನಲ್ಲ, ಬೀದಿಗೆ ಹೆದರುವವನು. "ಬೀದಿ ತೀರ್ಮಾನ ಮುರುದ್ರೆ ನಾಳೆ ನಮ್ಮನೆಗೆ ಯಾರು ಬತ್ತರವ್ವ?" ಅಂದ.

ಅದೇ ಸಮಯಕ್ಕೆ ಮೈಸೂರಿನಿಂದ ಮೂರು ಜನ ಬಂದರು. ಕಲೆಯಿಂದ ಜಗಳ ಕರಗಿಸುವವರಂತೆ. ಹಾಡು, ನಾಟಕ, ಚಿತ್ರ ಮಾಡಿಸಿ ಎರಡು ಬೀದಿಯನ್ನೂ ಒಂದು ಕಡೆ ಕೂರಿಸುತ್ತಾರಂತೆ. ಮುಂದಾಳು ಒಬ್ಬಳು ಹುಡುಗಿ, ಹೆಗಲಲ್ಲಿ ಬಟ್ಟೆಯ ಚೀಲ, ಹಣೆಯಲ್ಲಿ ಕಾಸಿನಗಲ ಕುಂಕುಮ. ಎಲ್ಲರೂ ಮೇಡಂ ಅನ್ನುತ್ತಿದ್ದರು. ಮಧ್ಯಾಹ್ನ ಸ್ಕೂಲಿನ ಜಗುಲಿಯಲ್ಲಿ ಕಲಿಕೆ, ಕೊನೆಗೆ ಒಂದು ದಿನ ಆ ಎರಡು ಕಂಬದ ಮುಂದೆ ಊರವರೆಲ್ಲರ ಎದುರು ಕಾರ್ಯಕ್ರಮ. ಮಗ ಅಂದ: "ಅವತ್ತು ಎಲ್ಡ್ ಬೀದಿಯೋರೂ ಕುಂತು ನೋಡುದ್ರೆ ಮದ್ವೆಗೂ ಓಗವ್ವ. ಆಮೇಲ್ ನಾನ್ಯಾಕ್ ಬ್ಯಾಡ ಅನ್ಲಿ?"

ಅಷ್ಟು ಸಾಕಾಯಿತು ನನಗೆ. ಮೊದಲ ದಿನವೇ ಹೋಗಿ ಕೂತೆ. ನನ್ನ ಬೀಗಿತ್ತಿಯೂ ಬಂದಿದ್ದಳು. ಗುಡಿ ಬೀದಿಯ ಹೆಂಗಸರು ಒಂದು ಕಡೆ, ಕೆರೆ ಬೀದಿಯವರು ಒಂದು ಕಡೆ, ನಡುವೆ ಎಮ್ಮೆ ಮಲಗುವಷ್ಟು ಜಾಗ. ಮೇಡಂ ಪಾಪ, 'ನಾವೆಲ್ಲ ಒಂದೇ, ನಾವೆಲ್ಲ ಒಂದೇ' ಅಂತ ಬರುವ ಹಾಡು ಹೇಳಿಕೊಟ್ಟಳು. ಎರಡು ದಿನ ಹಾಡಿದೆವು. ಹಾಡಿ, ಬೇರೆ ಬೇರೆ ದಾರಿಯಲ್ಲಿ ಮನೆಗೆ ಹೋದೆವು.

ಮೂರನೆಯ ದಿನ ನನ್ನ ಬೀಗಿತ್ತಿ ಎದ್ದು ನಿಂತಳು. "ಮೇಡಂ, ಒಂದೇ ಒಂದೇ ಅಂದ್ರೆ ಯಾರ್ಗ್ ನಗ ಬತ್ತದೆ? ಸಕ್ರೆ ಜಾಸ್ತಿ ಆಯ್ತು. ಒಸಿ ಬೈಯ್ಕೊಂಡ್ ಪದ ಏಳಾನಾ?"

ಮೇಡಂಗೆ ಗಾಬರಿ. ನಾನು ಆಗಲೇ ಎದ್ದು ಚಾಪೆ ಎಳೆದು ಎದುರಿಗೆ ಹಾಸಿದ್ದೆ. ಯಾವ ಊರಿನವರಿಗೆ ಹೇಳಿದರೆ ಆ ಊರಿನ ಹೆಸರು ಪದದಲ್ಲಿ ಸೇರಿಸುವುದು ರೂಢಿ. ನಾನು ಬೀದಿಯ ಹೆಸರು ಸೇರಿಸಿ ಎತ್ತಿದೆ:

ಕೆರೆಬೀದಿ ಬೀಗರು ಊಟಕ್ಕೆ ಬಂದರು
ಹಂಡೆಯ ಅನ್ನವ ಉಂಡೂ ಉಂಡೂ
ಎಲೆಯ ಮಡಿಸಲಿಲ್ಲ, ಎದ್ದೂ ಹೋಗಲಿಲ್ಲ
ನಾಚಿಕೆ ಮಾತ್ರ ಮನೇಲೇ ಬಿಟ್ಟರು

ಕೆರೆ ಬೀದಿಯ ಒಬ್ಬ ಎಳೇ ಸೊಸೆ ಮುಖ ಕೆಂಪು ಮಾಡಿಕೊಂಡು ಏಳಲು ಹೋದಳು. ನನ್ನ ಬೀಗಿತ್ತಿ ಅವಳ ಸೆರಗು ಹಿಡಿದು ಕೂರಿಸಿ, ನನ್ನ ಕಣ್ಣಿಗೆ ಕಣ್ಣಿಟ್ಟು ಜವಾಬು ಹೇಳಿದಳು:

ಗುಡಿಬೀದಿ ಬೀಗಿತ್ತಿ ಬಡಿಸೋಕೆ ಬಂದಳು
ಸೌಟಲ್ಲಿ ತುಪ್ಪಿಲ್ಲ, ನಾಲಿಗೇಲಿತ್ತು
ಆ ತುಪ್ಪ ನೆಕ್ಕಿಯೇ ಹೊಟ್ಟೆ ತುಂಬಿತು
ಬಾರವ್ವ ಬೀಗಿತ್ತಿ, ಜೊತೇಲೇ ಉಣ್ಣು

ಮೊದಲು ನಕ್ಕದ್ದು ಆ ಎಳೇ ಸೊಸೆಯೇ. ಆಮೇಲೆ ಯಾರು ಯಾವ ಬೀದಿ ಅಂತ ತಿಳಿಯದ ಹಾಗೆ ನಗು. ನಡುವಿನ ಎಮ್ಮೆ ಜಾಗ ತುಂಬಿಹೋಯಿತು. ಎಲೆ ಅಡಿಕೆ ಇರಲಿಲ್ಲ, ಮೇಡಂ ಚೀಲದಿಂದ ಬಿಸ್ಕತ್ತು ತೆಗೆದುಕೊಟ್ಟಳು, ಅದನ್ನೇ ಬೀಗಿತ್ತಿ ನನ್ನ ಕೈಗಿಟ್ಟಳು. ಕಾರ್ಯಕ್ರಮದ ದಿನ ಇದೇ ಇರಲಿ ಅಂದಳು ಮೇಡಂ. ಎರಡು ಬೀದಿಯ ಹೆಂಗಸರಿಗೂ ಸೇರಿಸಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿದಳು. "ಬರದೇ ಇರೋರಿಗೂ ಕೇಳಲಿ, ಅಜ್ಜಿ. ಬಿಡುವಾದಾಗ ಹಾಡಿ ಹಾಕಿ" ಅಂದಳು.

ಮಾರನೆಯ ದಿನ ಬೆಳಿಗ್ಗೆ ಬಿಡುವಾಯಿತು. ಒಲೆಯ ಮೇಲೆ ಬೇಳೆ. ಮೈಕಿನ ಚಿತ್ರ ಒತ್ತಿ ಹಿಡಿದುಕೊಂಡು ನನ್ನ ಪದ ಹೇಳಿದೆ. ಬೀಗಿತ್ತಿಯ ಜವಾಬೂ ನನಗೆ ಬಾಯಿಪಾಠವೇ. ಸದ್ಯಕ್ಕೆ ಅದನ್ನೂ ನಾನೇ ಹೇಳಿ ಸೇರಿಸೋಣ ಅಂದುಕೊಂಡಿದ್ದೆ. ನಾಲ್ಕನೆಯ ಸಾಲಿಗೆ ಗಂಟಲು ಒಣಗಿತು. ಚೊಂಬು ತೆಗೆದುಕೊಳ್ಳಲು ಬೆರಳು ಎತ್ತಿದೆ.

ಬೆರಳು ಎತ್ತಿದರೆ ಹೇಳಿದಷ್ಟೂ ಗ್ರೂಪಿಗೆ ಹೊರಟೇ ಹೋಗುತ್ತದೆ ಅಂತ ಸೊಸೆ ಹೇಳಿಕೊಟ್ಟಿದ್ದಳು. ಕಲಿಯುವಾಗ ನೆನಪಿತ್ತು. ನೀರು ಕುಡಿದೆ, ಬೇಳೆ ಉಕ್ಕಿತು, ಎದ್ದೆ. ಆಮೇಲೆ ಒಗೆಯುವುದಕ್ಕೆ ಹೋದೆ.

ನಾನು ಸೀರೆ ಹಿಂಡುತ್ತಿದ್ದ ಹೊತ್ತಿನಲ್ಲಿ ಆ ನಾಲ್ಕು ಸಾಲು ಯಾರದೋ ಫೋನಿನಿಂದ ಇನ್ಯಾರದೋ ಫೋನಿಗೆ ಹಾರಿ, ಕೆರೆ ಬೀದಿಯ ಗಂಡಸರ ಗ್ರೂಪಿಗೆ ಹೋಗಿ ಬಿದ್ದಿತ್ತು. ಜೊತೆಗೆ ಯಾರೋ ಬರೆದಿದ್ದರು, ಗುಡಿ ಬೀದಿಯವರು ನಮ್ಮನ್ನು ಏನು ಅನ್ನುತ್ತಾರೆ ಕೇಳಿ ಅಂತ. ಸೊಸೆ ಓಡಿ ಬಂದಳು.

"ಅತ್ತೆ, ಅದ್ಯಾನ್ ಕಳ್ಸುದ್ರಿ? ಬೇಗ ಅಳುಸ್ರಿ, ಅಳುಸ್ರಿ!"

ಒದ್ದೆ ಕೈಯಲ್ಲೇ ಒತ್ತಿದೆ. ಎಲ್ಲರಿಗೂ ಅಳಿಸಲೋ, ನನಗೆ ಮಾತ್ರ ಅಳಿಸಲೋ ಅಂತ ಕೇಳಿತು. ತಪ್ಪು ನನ್ನದು, ಬೇರೆಯವರದ್ದು ನಾನ್ಯಾಕೆ ಅಳಿಸಲಿ ಅಂದುಕೊಂಡು 'ನನಗೆ ಮಾತ್ರ' ಒತ್ತಿದೆ. ಸೊಸೆ ಹಣೆ ಹಣೆ ಚಚ್ಚಿಕೊಂಡಳು. ಈಗ ಊರಿನ ಎಲ್ಲರ ಫೋನಿನಲ್ಲೂ ನನ್ನ ದನಿ ಇದೆ, ನನ್ನ ಫೋನಿನಲ್ಲಿ ಮಾತ್ರ ಇಲ್ಲ.

ಆಮೇಲೆ ಬೀಗಿತ್ತಿಯ ಜವಾಬನ್ನೂ ನಾನೇ ಹೇಳಿ ಕಳಿಸಿದೆ. ಅದು ಇನ್ನೂ ಕೆಟ್ಟದ್ದಾಯಿತು. ಜವಾಬು ಎದುರು ಚಾಪೆಯಿಂದ ಬರಬೇಕು, ನಾನೇ ಬೈದು ನಾನೇ ಸಮಾಧಾನ ಹೇಳಿಕೊಂಡರೆ ಅದೇನು ಜವಾಬು? 'ನಮ್ಮ ಬಾಯನ್ನೂ ಇವಳೇ ಕಿತ್ತುಕೊಂಡಳು' ಅಂದರಂತೆ ಕೆರೆ ಬೀದಿಯಲ್ಲಿ. ಸರಿಯಾಗೇ ಅಂದರು.

ಅಂದು ಮಧ್ಯಾಹ್ನ ಕೆರೆ ಬೀದಿಯ ಗಂಡಸರು ಸ್ಕೂಲಿನ ಗೇಟಿಗೆ ಅಡ್ಡ ನಿಂತರು. ಅವರನ್ನು ಕೇಳಲು ನಮ್ಮ ಬೀದಿಯವರು ಹೋದರು. ಪೊಲೀಸಿನವರು ಬಂದು ಕಾರ್ಯಕ್ರಮ ಬೇಡ ಅಂದರು. ಮೇಡಂ ಜಗುಲಿಯ ಮೇಲೆ ಒಬ್ಬಳೇ ಕೂತು ಬಣ್ಣದ ಹಾಳೆಗಳನ್ನು ಸುತ್ತುತ್ತಿದ್ದಳು. ನಾನು ಹೋಗಿ ನಿಂತೆ.

"ಪೂರ್ತಿ ಕಳಿಸಬಾರದಾಗಿತ್ತಾ ಅಜ್ಜಿ?" ಅಂದಳು. ಬೈಯಲಿಲ್ಲ. ಬೈದಿದ್ದರೆ ಜವಾಬಾದರೂ ಹೇಳುತ್ತಿದ್ದೆ. ಸಂಜೆ ಬಸ್ಸಿಗೆ ಮೂವರೂ ಹೋದರು, ಆ ಎರಡು ಕಂಬದ ನಡುವೆ ನಿಂತು ಹತ್ತಿಕೊಂಡು.

ಎಲ್ಲಕ್ಕಿಂತ ನನ್ನನ್ನು ನೋಯಿಸಿದ್ದು ಯಾವುದು ಅಂತ ಹೇಳುತ್ತೇನೆ. ಕೆರೆ ಬೀದಿಯವರ ಸಿಟ್ಟಲ್ಲ. ನಮ್ಮ ಬೀದಿಯ ಹುಡುಗರು ಡೈರಿಯ ಹತ್ತಿರ ನನ್ನನ್ನು ನೋಡಿ ಎದ್ದು ನಿಂತರು. "ಸಕತ್ತಾಗ್ ಕೊಟ್ಟೆ ಕಣಜ್ಜಿ ಅವ್ರ್ಗೆ!" ಅಂದರು. ಒಬ್ಬನ ಫೋನಿಗೆ ಕರೆ ಬಂತು, ಗಂಟೆಯ ಬದಲು ನನ್ನ ದನಿಯೇ ಹಾಡಿತು: ಕೆರೆಬೀದಿ ಬೀಗರು ಊಟಕ್ಕೆ ಬಂದರು. ನಾನು ಹಾಲಿನ ಕ್ಯಾನು ಹಿಡಿದು ನಿಂತಿದ್ದೆ. "ಅದಕ್ಕೊಂದು ಜವಾಬು ಅದೆ ಕಣ್ರಪ್ಪ, ಕೇಳಿ" ಅಂದೆ. "ಜವಾಬು ಅವ್ರ್ ಏಳ್ಳಿ ಬುಡಜ್ಜಿ, ದಮ್ಮಿದ್ರೆ" ಅಂದ ಒಬ್ಬ. ನಾನು ಹೊಸದಾಗಿ ಮದುವೆಯಾಗಿ ಬಂದ ಮೇಲೆ ಈ ಊರಿನಲ್ಲಿ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ.

ಒಂದು ವಾರ ಕಾದು, ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ನನ್ನ ಬೀಗಿತ್ತಿಯನ್ನು ಹಿಡಿದೆ. ಫೋನು ಅವಳ ಬಾಯಿಯ ಹತ್ತಿರ ಇಟ್ಟೆ.

"ನಿನ್ ಜವಾಬು ಏಳ್ಬುಡಮ್ಮಿ ಇದ್ಕೆ. ನಾನು ಬೆರಳ್ ಎತ್ತಲ್ಲ, ದೇವ್ರಾಣೆ."

ಅವಳು ಫೋನನ್ನು ನೋಡಿದಳು, ಸತ್ತ ಹಲ್ಲಿಯನ್ನು ನೋಡುವ ಹಾಗೆ. "ಇದ್ಕ್ ಯಾಕ್ ಏಳ್ಲಿ ಜವಾಬು? ಇದೇನ್ ನನ್ ಬೀಗಿತ್ತಿಯಾ?" ಆಮೇಲೆ ದನಿ ಇಳಿಸಿ ಅಂದಳು: "ನನ್ ಮಕ್ಳು ಮನೇಲಿ ನಿನ್ ಎಸ್ರು ಎತ್ಬ್ಯಾಡ ಅಂದವ್ರೆ. ಮದ್ವೆ ಮುಗೀಲಿ, ಸುಮ್ಕಿರು."

ನಮ್ಮ ಮನೆಗೆ ಲಗ್ನಪತ್ರಿಕೆ ಬರಲಿಲ್ಲ. ನಾನು ತವರಿಗೆ ಹೋಗಿಬರುತ್ತೇನೆ ಅಂತ ಮಗನಿಗೆ ಹೇಳಿ, ಮದುವೆಯ ದಿನ ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿದೆ. ಸೊಸೆಗೆ ಗೊತ್ತಿತ್ತು ಅನ್ನಿಸುತ್ತದೆ. ನಾನು ಕೇಳದೆಯೇ ರೇಷ್ಮೆ ಸೀರೆಯನ್ನು ಮಡಿಸಿ ಮಂಚದ ಮೇಲಿಟ್ಟಿದ್ದಳು. ನಾನು ಹತ್ತಿ ಸೀರೆಯಲ್ಲೇ ಹೋದೆ. ಕರೆಯದ ಮನೆಗೆ ರೇಷ್ಮೆ ಉಟ್ಟು ಹೋಗುವುದು ಹೇಗೆ?

ಛತ್ರದಲ್ಲಿ ವಾದ್ಯದವರು, ಬಾಡಿಗೆಯ ಹಾಡಿನವರು, ಎದೆ ಅದುರುವಷ್ಟು ದೊಡ್ಡ ಸ್ಪೀಕರು. ತಾಳಿ ಆಗಿಹೋಗಿತ್ತು. ಕೈತೊಳೆಯುವ ಕಡೆಯ ಕಂಬದ ಹಿಂದೆ ನಿಂತು ನೋಡಿದೆ. ಹುಡುಗಿ ಚೆನ್ನಾಗಿ ಕಾಣುತ್ತಿದ್ದಳು, ಅಜ್ಜಿಯ ಉಬ್ಬುಹಲ್ಲು ಬಂದಿಲ್ಲ. ಅಕ್ಷತೆ ನನ್ನ ಕೈಗೆ ಯಾರೂ ಕೊಡಲಿಲ್ಲ, ನೆಲದ ಮೇಲೆ ಬಿದ್ದಿದ್ದ ನಾಲ್ಕು ಕಾಳು ಎತ್ತಿಕೊಂಡು ದೂರದಿಂದಲೇ ಹಾಕಿದೆ. ಮುಂದೆ ನಿಂತಿದ್ದವರ ಬೆನ್ನಿಗೆ ಬಿದ್ದವು.

ಸಭಾಂಗಣದ ಒಂದು ಮೂಲೆಯಲ್ಲಿ ಚಾಪೆ ಹಾಸಿತ್ತು. ಒಂದೇ ಚಾಪೆ. ಅದರ ಮೇಲೆ ನನ್ನ ಬೀಗಿತ್ತಿ, ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು, ಪಕ್ಕದಲ್ಲಿ ಇನ್ನಿಬ್ಬರು ಮುದುಕಿಯರ ಜೊತೆ ಸುಮ್ಮನೆ ಕೂತಿದ್ದಳು. ಎದುರಿಗೆ ಬರೀ ನೆಲ. ಗಂಡಿನ ಕಡೆಯ ಹುಡುಗಿಯರು ಅದನ್ನು ದಾಟಿಕೊಂಡು ಫೋಟೊ ತೆಗೆಯಲು ಓಡಾಡುತ್ತಿದ್ದರು.

ಹೋಗಿ ಆ ಬರೀ ನೆಲದ ಮೇಲೆ ನಿಂತೆ. ಅವಳು ತಲೆ ಎತ್ತಿದಳು. ಆ ಕಡೆಯಿಂದ ಅವಳ ದೊಡ್ಡ ಮಗ ನಮ್ಮನ್ನು ಕಂಡು, ಕೈಯಲ್ಲಿದ್ದ ಪನ್ನೀರು ದಾನಿಯನ್ನು ಯಾರಿಗೋ ಕೊಟ್ಟು ಇತ್ತ ಹೊರಟ. ನಾನು ಬಗ್ಗಿ, ಸ್ಪೀಕರಿನ ಸದ್ದಿನಲ್ಲಿ ಅವಳ ಕಿವಿಯ ಹತ್ತಿರ ಕೂಗಿ ಹೇಳಿದೆ:

"ಜವಾಬು ಏಳ್ಬುಡಮ್ಮಿ. ಕಿವೀಲಾರೂ ಏಳು, ಸಾಕು. ಅದ್ ಬರೋಗಂಟ ಎದ್ದೋಗಂಗಿಲ್ಲ ಅಲ್ವಾ ನಾವು?"

ಅವಳು ತಟ್ಟೆಯ ಎಲೆಯೊಂದನ್ನು ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ತಟ್ಟೆಗೇ ಇಟ್ಟಳು.

"ನಾನಿನ್ನೂ ಚಾಪೆ ಮ್ಯಾಲೇ ಕುಂತಿವ್ನಿ ಕಣಮ್ಮಿ. ಎದ್ದೋದೋಳು ನೀನು. ಓಗು, ಪಂಕ್ತಿ ಕುಂತದೆ, ಉಂಡ್ಕೊಂಡ್ ಓಗು."